ಗಾಳಿ ತಿರುಪು ಬಿಟ್ಟು

ಫೋನಿನಲ್ಲಿ ಮೊದಲು ಕೇಳಿಸಿದ್ದು ದೊಡ್ಡ ಕಬ್ಬಿಣದ ಬಾಗಿಲನ್ನು ಯಾರೋ ಸಿಟ್ಟಿನಿಂದ ರಪ್ಪನೆ ಹಾಕಿಕೊಂಡಂಥ ಸದ್ದು. ಅದರ ಬೆನ್ನಿಗೇ ತಗಡು ಹರಿದದ್ದು ಕೇಳಿಸಿತು, ನೀರು ಸುರಿದದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ.

"ಭಾವ," ಎಂದೆ. "ಭಾವ, ಏನಾಯ್ತು?"

ಲೈನ್ ಹೋಗಿತ್ತು.

ನಾನು ಆಗ ಊರಿನ ಇನ್ನೊಂದು ತುದಿಯಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಮನೆಯ ಹಿತ್ತಲಲ್ಲಿ, ಪಂಪಿನ ಬುಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿ ಕೊಳೆತ ಎಲೆ ತೆಗೆಯುತ್ತಿದ್ದೆ. ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಕೊಂಡಿತ್ತು. ಅದು ಹಾಗೇ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ಮಡಚುತ್ತಿರಲಿಲ್ಲ.

ಆ ಸದ್ದು ಯಾವುದು ಅಂತ ನನಗೆ ಅನುಮಾನವೇ ಇರಲಿಲ್ಲ. ಈಜುಕೊಳಗಳಿಗೆ ಫಿಲ್ಟರ್ ಆರಿಸಿಕೊಡುವುದು, ಕೂರಿಸುವುದು, ತೊಳೆಯುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಸ್ಪ್ಯಾನರ್ ಹಿಡಿದು ಹೆಂಗಸು ಬಂದರೆ ಈಗಲೂ ಗಿರಾಕಿಗಳು ನನ್ನ ಹಿಂದೆ ಗಂಡಸರು ಯಾರಾದರೂ ಬರುತ್ತಿದ್ದಾರಾ ಅಂತ ಇಣುಕಿ ನೋಡುತ್ತಾರೆ. ನೋಡಲಿ. ಫಿಲ್ಟರಿನ ಮುಚ್ಚಳ ಹಾರಿದರೆ ಎಂಥ ಸದ್ದು ಬರುತ್ತದೆ ಅಂತ ಆ ಗಂಡಸರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ನನಗೆ ಗೊತ್ತಿದೆ. ಆ ಮುಚ್ಚಳ ಒಬ್ಬ ಆಳಿನ ಸೊಂಟದ ಎತ್ತರದಲ್ಲಿರುತ್ತದೆ. ಅದರ ಮೇಲೆ ಬಗ್ಗಿದವರು ಯಾರೇ ಆಗಲಿ, ಅವರ ಮುಖಕ್ಕೇ ಬಡಿಯುತ್ತದೆ.

ಭಾವ ಹೋದರು ಅಂದುಕೊಂಡೆ. ಅಕ್ಕನಿಗೆ ಏನಂತ ಹೇಳಲಿ ಅಂದುಕೊಂಡೆ. ಡಾಕ್ಟರ ಮನೆಯ ಪಂಪಿನ ಬುಟ್ಟಿ ಮುಚ್ಚದೆ, ಯಾರಿಗೂ ಒಂದು ಮಾತು ಹೇಳದೆ ವ್ಯಾನ್ ಹತ್ತಿದೆ.

ದಾರಿಯುದ್ದಕ್ಕೂ ಭಾವನ ಫೋನಿಗೆ ಮಾಡಿದೆ. ಬಂದ್ ಆಗಿತ್ತು. ಅಕ್ಕನ ಫೋನಿಗೆ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಶನಿವಾರ ಮಧ್ಯಾಹ್ನ ಅಕ್ಕ ಲೈಬ್ರರಿಗೆ ಹೋಗುತ್ತಾಳೆ, ಅಲ್ಲಿ ಫೋನು ಚೀಲದೊಳಗೇ ಇರುತ್ತದೆ. ಸದ್ಯ ಅವಳು ಮನೆಯಲ್ಲಿಲ್ಲ ಅನ್ನುವುದೊಂದೇ ಸಮಾಧಾನ. ಆ ಸಮಾಧಾನ ಹಿಡಿದುಕೊಂಡೇ ಎರಡು ಸಿಗ್ನಲ್ ದಾಟಿದೆ. ಕೆಂಪಿತ್ತೋ ಹಸಿರಿತ್ತೋ ನೆನಪಿಲ್ಲ.

ಆಗ ನೆನಪಿಗೆ ಬಂತು. ಆ ಫಿಲ್ಟರ್ ಆರಿಸಿದವಳು ನಾನು.

ಭಾವನಿಗೆ ಅದು ಬೇಡವಾಗಿತ್ತು. ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಮೂವತ್ತು ವರ್ಷದಿಂದ ಬೇರೆಯವರ ವಾಕ್ಯಗಳಲ್ಲಿ ಹೇನು ಹುಡುಕುವ ಕೆಲಸ. ಮನೆಯಲ್ಲೂ ಅಷ್ಟೇ, ನಾನು ಬರೆದುಕೊಟ್ಟ ರಸೀದಿಯನ್ನೂ ತಿದ್ದಿ ವಾಪಸು ಕೊಡುತ್ತಿದ್ದರು. ಅವರಿಗೆ 'ಅಲ್ಪವಿರಾಮ' ಅಂತ ಹೆಸರಿಟ್ಟಿದ್ದೆ. ಕರೆದರೆ ನಗುತ್ತಿದ್ದರು. ಒಳ್ಳೆಯ ಮನುಷ್ಯ, ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಮಾತ್ರ ಸೌಟು ಹಿಡಿದ ಹಾಗೆ ಹಿಡಿಯುತ್ತಿದ್ದರು.

ಅವರ ಹಿತ್ತಲಿನ ಕೊಳಕ್ಕೆ ಮೊದಲು ಮರಳಿನ ಫಿಲ್ಟರ್ ಇತ್ತು. ಅದರ ಕೆಲಸ ಸುಲಭ: ಹಿಡಿ ತಿರುಗಿಸು, ನೀರು ಉಲ್ಟಾ ಹರಿದು ಕೊಳೆಯೆಲ್ಲ ಹೊರಗೆ ಹೋಗುತ್ತದೆ, ಹಿಡಿ ವಾಪಸು ತಿರುಗಿಸು. ಬಿಚ್ಚಬೇಕಿಲ್ಲ, ಮುಚ್ಚಬೇಕಿಲ್ಲ. ಆದರೆ ಪ್ರತಿ ಸಲ ತೊಟ್ಟಿಗಟ್ಟಲೆ ನೀರು ಚರಂಡಿ ಪಾಲು, ಮೇಲಾಗಿ ಸಣ್ಣ ಧೂಳು ಮರಳಿನಲ್ಲಿ ನಿಲ್ಲುವುದಿಲ್ಲ. ಅಕ್ಕ ಬೀದಿಯ ಏಳೆಂಟು ಮಕ್ಕಳಿಗೆ ಬೆಳಗ್ಗೆ ಈಜು ಕಲಿಸುತ್ತಾಳೆ. ದಡದ ಮೇಲೆ ಕೂತು, ಎರಡು ಕಣ್ಣೂ ನೀರಿಗೆ ನೆಟ್ಟು, ಯಾವ ಮಗುವಿನ ಕಾಲು ಎಲ್ಲಿದೆ ಅಂತ ನೋಡುತ್ತಿರುತ್ತಾಳೆ. ತಳದ ಹೆಂಚು ಕಾಣದಿದ್ದರೆ ಅವತ್ತು ಪಾಠವಿಲ್ಲ. ಬೇಸಿಗೆಯಲ್ಲಿ ನೀರು ಗಂಜಿಯಂತಾಗಿ ವಾರಕ್ಕೆರಡು ದಿನ ಪಾಠ ತಪ್ಪುತ್ತಿತ್ತು.

"ಕಾರ್ಟ್ರಿಜ್ ಹಾಕ್ಸಿ," ಎಂದೆ ನಾನು. "ಮಡಿಕೆ ಮಡಿಕೆ ಬಟ್ಟೆಯ ಉರುಳೆ ಭಾವ, ಧೂಳಿನ ಅಜ್ಜನನ್ನೂ ಹಿಡಿಯುತ್ತೆ. ನೀರೂ ಪೋಲಾಗಲ್ಲ."

"ಅದನ್ನ ಬಿಚ್ಚಿ ತೊಳೀಬೇಕಲ್ಲಮ್ಮ. ಬಿಚ್ಚೋದು ಮುಚ್ಚೋದು ನನ್ನ ಕೈಲಿ ಆಗಲ್ಲ. ಪುಡಿ ಹಾಕೋ ಫಿಲ್ಟರ್ ಅಂತ ಇನ್ನೊಂದಿದೆಯಂತಲ್ಲ?"

"ಅದು ಇನ್ನೂ ರಗಳೆ. ಅದನ್ನೂ ಬಿಚ್ಚಬೇಕು, ಮೇಲೆ ಪುಡಿ ಬೇರೆ ಅಳೆದು ಸುರೀಬೇಕು. ಮರಳೂ ಬೇಡ, ಪುಡಿನೂ ಬೇಡ. ನನ್ನ ಮಾತು ಕೇಳಿ."

ಕೇಳಿದರು. ನನ್ನ ಮೂಗಿನ ತುದಿಯ ಕೋಪಕ್ಕೆ ಹೆದರಿ ಕೇಳಿದರು ಅಂದರೆ ಸರಿಯಾದೀತು. ಹೊಸ ಫಿಲ್ಟರ್ ಕೂರಿಸಿಕೊಟ್ಟೆ. ಎರಡು ವರ್ಷ ನಾನೇ ಹೋಗಿ ತೊಳೆದೂ ಕೊಟ್ಟೆ. ಅವತ್ತು ಮಾತ್ರ ಕೈ ತುಂಬ ಕೆಲಸವಿತ್ತು. ಫಿಲ್ಟರಿನ ಮೇಲಿನ ಒತ್ತಡದ ಮೀಟರಿನ ಮುಳ್ಳು ಮೇಲಕ್ಕೇರಿ ಕೂತಿದೆ, ನೀರು ಮಂಕಾಗಿದೆ, ನಾಳೆ ಬೆಳಗ್ಗೆ ಮಕ್ಕಳು ಬರುತ್ತಾರೆ ಅಂತ ಭಾವ ಫೋನ್ ಮಾಡಿದರು. ನೀವೇ ತೊಳೀರಿ, ನಾನು ಫೋನಲ್ಲೇ ಹೇಳ್ತೀನಿ ಅಂದೆ. ಅವರು ಪೆನ್ನು ಕಾಗದ ತಂದುಕೊಂಡರು. ಮೋಟಾರ್ ಬಂದ್ ಮಾಡಿಸಿದೆ, ಮುಚ್ಚಳವನ್ನು ಬಿಗಿಹಿಡಿಯುವ ಉಂಗುರ ಬಿಚ್ಚಿಸಿದೆ, ಉರುಳೆ ತೆಗೆಸಿ ಮಡಿಕೆ ಮಡಿಕೆಗೂ ಪೈಪಿನ ನೀರು ಹಿಡಿಸಿದೆ, ತಿರುಗಿ ಕೂರಿಸಿದೆ, ಮುಚ್ಚಳ, ಉಂಗುರ ಹಾಕಿಸಿದೆ. ಎಲ್ಲ ಒಂದೊಂದಾಗಿ. ಕೊನೆಯದು ಇದು ಅಂತ ಇನ್ನೊಂದು ಮಾತು ಹೇಳಿದೆ. ಅವರು ಏನೋ ತಿರುಗಿ ಕೇಳಿದರು, ನಾನು ರೇಗಿದೆ. "ಲೈನಲ್ಲೇ ಇರು, ಹಾಕ್ತೀನಿ," ಅಂದರು. ಮೋಟಾರ್ ಗುಂಯ್ ಅಂದಿತು. ಆಗ ಮುಚ್ಚಳದ ತೂತಿನಿಂದ ಗಾಳಿ ಸುಯ್ ಅಂತ ಹೊರಡುವ ಸದ್ದು ಬರಬೇಕಿತ್ತು, ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಲು ಬಾಯಿ ತೆರೆದಿದ್ದೆ.

ಮನೆ ಮುಂದೆ ಆಂಬುಲೆನ್ಸ್ ನಿಂತಿತ್ತು. ಗೇಟು ತೆರೆದೇ ಇತ್ತು. ಪಕ್ಕದ ಮನೆಯವರು ದಾರಿ ಬಿಟ್ಟರು. ಹಿತ್ತಲಿಗೆ ಓಡಿದೆ.

ಪಂಪಿನ ಕೋಣೆಯ ಬಾಗಿಲ ಹೊರಗೆ, ಸ್ವಿಚ್ಚಿನ ಕೆಳಗೆ, ಭಾವ ನಿಂತಿದ್ದರು. ಅಂಗಿ ಒದ್ದೆ, ಕನ್ನಡಕ ಒದ್ದೆ, ಮೈಮೇಲೆ ಒಂದು ಗೀರಿಲ್ಲ. ಕೈಯಲ್ಲಿ ಒದ್ದೆ ಕಾಗದವೊಂದು ಮುದ್ದೆಯಾಗಿತ್ತು. ಅವರನ್ನು ಜೀವಂತ ನೋಡಿದ್ದೇ ಗೋಡೆ ಹಿಡಿದುಕೊಂಡೆ. ಎರಡೇ ಎರಡು ಉಸಿರಿನಷ್ಟು ಹೊತ್ತು ನಾನು ಈ ಲೋಕದಲ್ಲೇ ಅತ್ಯಂತ ಸುಖವಾಗಿದ್ದೆ.

ಆಮೇಲೆ ಭಾವ ನೋಡುತ್ತಿದ್ದ ಕಡೆ ನೋಡಿದೆ. ಕೋಣೆಯ ಒಳಗೆ, ನೀರಿನಲ್ಲಿ, ಅಕ್ಕ ಬಿದ್ದಿದ್ದಳು.

ಆಂಬುಲೆನ್ಸಿನವರಿಬ್ಬರು ಅವಳ ತಲೆಯ ಹತ್ತಿರ ಕೂತಿದ್ದರು. ಮುಖದ ಎಡಭಾಗಕ್ಕೆ ಬಿಳಿ ಬಟ್ಟೆ ಒತ್ತಿದ್ದರು. ಅದು ಬಿಳಿಯಾಗಿ ಉಳಿದಿರಲಿಲ್ಲ. ನಾನು ಏನು ಮಾಡಿದೆ ಅಂತ ಹೇಳಲು ನಾಚಿಕೆಯಾಗುತ್ತದೆ. ಅಕ್ಕನ ಹತ್ತಿರ ಹೋಗಲಿಲ್ಲ. ಫಿಲ್ಟರ್ ನೋಡಿದೆ. ಮುಚ್ಚಳ ಕೋಣೆಯ ಚಾವಣಿಯ ತಗಡನ್ನು ಹರಿದುಕೊಂಡು ಹೋಗಿ ಎಲ್ಲೋ ಬಿದ್ದಿತ್ತು. ಉಂಗುರ ಮೂಲೆಯಲ್ಲಿತ್ತು, ಒಡೆದಿರಲಿಲ್ಲ. ಒಂದು ಕಡೆ ಅಂಚಿಗೆ ಕಸ ಸಿಕ್ಕಿ ಅದು ಸರಿಯಾಗಿ ಕೂತೇ ಇರಲಿಲ್ಲ. ಅದೊಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಒಳಗಿನ ಗಾಳಿ ಹೊರಗೆ ಹೋಗಿದ್ದರೆ ಆ ಸಂದಿಯಿಂದ ನೀರು ಚಿಮ್ಮುತ್ತಿತ್ತು, ಇಬ್ಬರೂ ನೆನೆದು ನನ್ನನ್ನು ಬೈಯುತ್ತಿದ್ದರು. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ. ಗಾಳಿ ಹಾಗಲ್ಲ, ಒತ್ತಿದಷ್ಟೂ ಒತ್ತಿಸಿಕೊಂಡು ಸೇಡು ಇಟ್ಟುಕೊಳ್ಳುತ್ತದೆ.

"ಲೈಬ್ರರಿಗೆ ಹೋಗಿರ್ಲಿಲ್ವಾ ಅವಳು?" ಅಂತ ಭಾವನನ್ನು ಕೇಳಿದೆ. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದ ಪ್ರಶ್ನೆ ಅದು.

"ಹೋಗ್ಲಿಲ್ಲ," ಎಂದರು ಭಾವ. "ಸಹಾಯಕ್ಕಿರ್ತೀನಿ ಅಂದ್ಲು."

ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಇತ್ತು. ಭಾವ ಒಂದರಲ್ಲಿ, ನಾನು ಒಂದು ಬಿಟ್ಟು ಇನ್ನೊಂದರಲ್ಲಿ. ಕಣ್ಣಿನ ಡಾಕ್ಟರ್ ಒಮ್ಮೆ ಹೊರಗೆ ಬಂದು, ಜೀವಕ್ಕೆ ಅಪಾಯವಿಲ್ಲ, ಕೆನ್ನೆಯ ಮೂಳೆ ಒಡೆದಿದೆ, ಎಡಗಣ್ಣಿನ ಮಾತು ಈಗಲೇ ಹೇಳಲಾರೆ ಅಂದು ಒಳಗೆ ಹೋದರು. ದಡದ ಮೇಲೆ ಕೂತ ಅಕ್ಕನ ಎರಡು ಕಣ್ಣು ನನ್ನ ಎದುರಿಗೆ ಬಂದವು. ನನಗೆ ಎಂಥ ಕಷ್ಟ ಬಂದರೂ ಮೊದಲು ಬರುವುದು ಸಿಟ್ಟು. ಆಗಲೂ ಬಂತು.

"ಗಾಳಿ ತಿರುಪು ಬಿಡಿ ಅಂತ ಹೇಳಿರ್ಲಿಲ್ವಾ ನಾನು? ಬಾಯಿ ಬಡ್ಕೊಂಡು ಹೇಳ್ದೆ."

ಗಾಳಿ ತಿರುಪು ಅಂದರೆ ಮುಚ್ಚಳದ ನೆತ್ತಿಯ ಮೇಲಿರುವ ಹಿತ್ತಾಳೆಯ ಸಣ್ಣ ತಿರುಪು. ಅದನ್ನು ಸಡಿಲಿಸಿ ಮೋಟಾರ್ ಹಾಕಬೇಕು. ನೀರು ತುಂಬುತ್ತ ಬಂದ ಹಾಗೆ ಗಾಳಿ ಅಲ್ಲಿಂದ ಹೊರಟು ಹೋಗುತ್ತದೆ, ಕೊನೆಗೆ ನೀರು ಚಿಮ್ಮುತ್ತದೆ, ಆಗ ತಿರುಪು ಬಿಗಿ ಮಾಡಬೇಕು. ನಮ್ಮ ಕೆಲಸದಲ್ಲಿ ಇದು ಅ ಆ ಇ ಈ.

"ನೀನು ಹೇಳ್ದೆ," ಎಂದರು ಭಾವ. "ಬಿಟ್ಟೆನಲ್ಲ."

"ಎಲ್ಲಿ ಬಿಟ್ರಿ? ಬಿಟ್ಟಿದ್ರೆ ಹೀಗಾಗ್ತಿತ್ತಾ?"

"ಬಿಟ್ಟೆ ಕಣಮ್ಮ. ಮುಟ್ಟಲೇ ಇಲ್ಲ."

ಮುದ್ದೆಯಾದ ಕಾಗದ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ತೊಡೆಯ ಮೇಲಿಟ್ಟು, ಮೂಲೆಯಿಂದ ಮೂಲೆಗೆ ಸವರಿ ಬಿಡಿಸಿದರು. ಅಚ್ಚಿನ ಮೊಳೆಯಂಥ ಅಕ್ಷರ, ಅರ್ಧ ಅಳಿಸಿತ್ತು. ಕೊನೆಯ ಸಾಲು ಮಾತ್ರ ಚೆನ್ನಾಗಿ ಕಾಣುತ್ತಿತ್ತು: 'ಗಾಳಿ ತಿರುಪು ಬಿಟ್ಟು ಮೋಟಾರ್ ಹಾಕುವುದು.'

"ನೀನು ಹೇಳಿದ್ದನ್ನ ಒಂದಕ್ಷರ ಆಚೀಚೆ ಮಾಡಿಲ್ಲ," ಎಂದರು. "ಅನುಮಾನ ಬಂತು ಅಂತ ಕೇಳಿದೆ ಕೂಡ. ಬಿಟ್ಬಿಡ್ಲಾ ಅಂತ ಕೇಳಿದೆ. ನೀನು ಹೂಂ ಬಿಟ್ಬಿಡಿ, ಎಷ್ಟು ಸಲ ಹೇಳೋದು ಅಂದೆ."

ಅಂದಿದ್ದೆ. ನನ್ನ ದನಿ ನನಗೇ ಕೇಳಿಸಿತು.

ನಾನು ಕೆಲಸ ಕಲಿತ ಅಪ್ಪನ ಪಂಪಿನ ವರ್ಕ್‌ಶಾಪಿನಲ್ಲಿ ಬಿಡುವುದು ಅಂದರೆ ಸಡಿಲ ಮಾಡುವುದು. ನೀರು ಬಿಡು, ಗಾಳಿ ಬಿಡು, ನಟ್ಟು ಬಿಡು. ಅಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಭಾವ ಬದುಕಿದ ಕಾಗದದ ಲೋಕದಲ್ಲಿ ಬಿಡುವುದು ಅಂದರೆ ಬಿಟ್ಟುಹಾಕುವುದು, ತಂಟೆಗೆ ಹೋಗದಿರುವುದು. ಇದೊಂದನ್ನು ಬಿಟ್ಟು ಉಳಿದದ್ದು ಓದು. ಆ ಸಾಲು ಬಿಡು, ಮುಂದಿನದು ತಿದ್ದು. ಅವರು ಕನ್ನಡವನ್ನು ಸರಿಯಾಗಿಯೇ ಓದಿದ್ದರು. ನಾನೂ ಸರಿಯಾಗಿಯೇ ಆಡಿದ್ದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಗಾದೆ. ನಮ್ಮ ಮನೆಗೆ ಒಂದು ಪದವೇ ಸಾಕಾಯಿತು.

"ಭಾವ," ಎಂದೆ. "ಬಿಟ್ಟು ಅಂದ್ರೆ ಸಡಿಲ ಮಾಡಿ ಅಂತ. ತೆರೀರಿ ಅಂತ. ನಾನು ಹೇಳಿದ್ದು ಅದು."

ಅವರು ಕಾಗದ ನೋಡಿದರು. ತುಟಿ ಅಲುಗಿತು, ಮತ್ತೊಮ್ಮೆ ಓದಿಕೊಂಡರು ಅಂತ ಕಾಣುತ್ತದೆ. ಅವರ ಮುಖದಿಂದ ರಕ್ತ ಇಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಕಾರಿಡಾರಿನಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು.

"ಎರಡೂ ಆಗುತ್ತೆ," ಎಂದರು ಕೊನೆಗೆ. "ವಾಕ್ಯದಲ್ಲಿ ತಪ್ಪಿಲ್ಲ. ನನ್ನ ಮೇಜಿಗೆ ಬಂದಿದ್ರೂ ನಾನು ತಿದ್ತಿರ್ಲಿಲ್ಲ." ಸ್ವಲ್ಪ ತಡೆದು, "ನಾನು ಸ್ವಿಚ್ ಹತ್ರ ಇದ್ದೆ. ಅವಳೂ ಹೊರಗೇ ನಿಂತಿದ್ರೆ ತಗಡೊಂದು ಹೋಗ್ತಿತ್ತು. ಅವಳು ಯಾಕಮ್ಮ ಅಲ್ಲಿ ಹೋಗಿ ಬಗ್ಗಿದ್ಲು?" ಎಂದರು.

ಅದನ್ನೇ ನಾಲ್ಕೈದು ಸಲ ಕೇಳಿದರು. ಯಾಕೆ ಬಗ್ಗಿದ್ಲು, ಯಾಕೆ ಬಗ್ಗಿದ್ಲು. ನನಗೂ ಗೊತ್ತಿರಲಿಲ್ಲ. ಕತ್ತಲಾಗುವ ಮುಂಚೆ ಡಾಕ್ಟರ್ ಮತ್ತೆ ಬಂದರು. ಎಡಗಣ್ಣು ತೆಗೆಯಬೇಕಾಯಿತು ಅಂದರು. ಭಾವ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಅವರು ಹೋದ ಮೇಲೆ ನಾವಿಬ್ಬರೂ ಅವರು ನಿಂತಿದ್ದ ಜಾಗವನ್ನೇ ನೋಡುತ್ತ ಕೂತಿದ್ದೆವು.

ಮಾರನೆಯ ದಿನ ಬೆಳಗ್ಗೆ ಅಕ್ಕನನ್ನು ನೋಡಲು ಬಿಟ್ಟರು. ಭಾವ ಔಷಧಿ ತರಲು ಕೆಳಗೆ ಹೋಗಿದ್ದರು. ಅರ್ಧ ಮುಖಕ್ಕೆ ಪಟ್ಟಿ, ಇನ್ನರ್ಧ ಊದಿಕೊಂಡಿತ್ತು. ಉಳಿದ ಒಂದು ಕಣ್ಣು ನನ್ನನ್ನು ನೋಡಿತು. ನಾನು ಮಂಚದ ಕಬ್ಬಿಣ ಹಿಡಿದುಕೊಂಡು ಬಾಯಿಪಾಠ ಒಪ್ಪಿಸುವವಳಂತೆ ಎಲ್ಲ ಹೇಳಿದೆ. ಫಿಲ್ಟರ್ ಆರಿಸಿದ್ದು ನಾನು ಅಂದೆ. ಬಿಟ್ಟು ಅಂದವಳು ನಾನು, ಅವರು ಬೇರೆ ಅರ್ಥ ಮಾಡಿಕೊಂಡರು, ತಿರುಗಿ ಕೇಳಿದರೂ ನಾನು ರೇಗಿದೆ, ನಿನ್ನ ಕಣ್ಣು ಹೋದದ್ದು ನನ್ನ ಬಾಯಿಂದ ಅಂದೆ. ಅಳು ಬಂತು. ಅತ್ತೆ.

"ಪುಟ್ಟಿ," ಎಂದಳು ಅಕ್ಕ. ನನಗೆ ನಲವತ್ತಾದರೂ ಅವಳಿಗೆ ನಾನು ಪುಟ್ಟಿ. ಒಡೆದ ಕೆನ್ನೆಯಿಂದ ಮಾತು ತೊದಲುತ್ತಿತ್ತು, ಕಿವಿ ಹತ್ತಿರ ಕೊಡಬೇಕಾಯಿತು. "ಫೋನು ಸ್ಪೀಕರಿಗೆ ಹಾಕಿದ್ರು. ನೀನು ಹೇಳಿದ್ದು ನನಗೂ ಕೇಳಿಸ್ತು."

"ಹೂಂ."

"ನನಗೆ ಸರಿಯಾಗೇ ಅರ್ಥ ಆಯ್ತು ಕಣೆ. ನಾನೂ ಅಪ್ಪನ ಮಗಳೇ ಅಲ್ವಾ."

ನಾನು ಅವಳ ಮುಖ ನೋಡಿದೆ. ಅವಳು ಏನು ಹೇಳುತ್ತಿದ್ದಾಳೆ ಅಂತ ತಲೆಗೆ ಹತ್ತಲಿಲ್ಲ.

"ಅವರು ಸ್ವಿಚ್ಚಿಗೆ ಹೋದ್ರು," ಎಂದಳು. "ತಿರುಪು ಸಡಿಲಿಸೋ ಕೆಲಸ ನನಗೆ ಬಿಟ್ಟಿದಾರೆ ಅಂತ ನಾನು ತಿಳ್ಕೊಂಡೆ. ಬಿಡಿಸೋಕೆ ಅಂತ ಬಗ್ಗಿದೆ. ಬಿಗಿ ಇತ್ತು. ಅಷ್ಟರಲ್ಲಿ ಮೋಟಾರ್ ಶುರುವಾಯ್ತು. ಇರಿ ಅಂತ ಕೂಗಿದೆ, ಆ ಸದ್ದಲ್ಲಿ ಕೇಳಿಸ್ಲಿಲ್ಲ ಅವರಿಗೆ. ಇನ್ನೇನು, ತಿರುಪು ಅರ್ಧ ಸುತ್ತು ಬಂದಿತ್ತು."

ನನ್ನ ಒಂದೇ ಮಾತು ಒಬ್ಬರನ್ನು ಸ್ವಿಚ್ಚಿಗೆ ಕಳಿಸಿತ್ತು, ಇನ್ನೊಬ್ಬರನ್ನು ತಿರುಪಿಗೆ ಕಳಿಸಿತ್ತು. ಇಬ್ಬರೂ ನಾನು ಹೇಳಿದ್ದನ್ನೇ ಮಾಡಿದ್ದರು. ಅಕ್ಕ ನನ್ನ ಮಾತನ್ನು ತಪ್ಪು ತಿಳಿದಿದ್ದರೆ, ಭಾವನಂತೆಯೇ ಮುಟ್ಟದೆ ಬಿಟ್ಟಿದ್ದರೆ, ಅವಳಿಗೆ ಎರಡು ಕಣ್ಣಿರುತ್ತಿದ್ದವು. ಸರಿಯಾಗಿ ತಿಳಿದದ್ದಕ್ಕೆ ಒಂದು ಹೋಯಿತು.

"ಅಕ್ಕ," ಎಂದೆ.

"ಅವರಿಗೆ ಇದನ್ನ ಹೇಳಬೇಡ."

"ಯಾಕೆ?"

"ನಾನು ಸುಮ್ಮನೆ ಹೋಗಿ ಬಗ್ಗಿದೆ ಅಂತ ಅವರು ಅಂದ್ಕೊಂಡಿರ್ತಾರೆ. ಅಂದ್ಕೊಳ್ಲಿ. ತಾವು ಮೋಟಾರ್ ಹಾಕೋದು ಒಂದ್ನಿಮಿಷ ತಡೆದಿದ್ರೆ ತಿರುಪು ಬಿಟ್ಟಿರ್ತಿತ್ತು ಅಂತ ಗೊತ್ತಾದ್ರೆ ಆ ಮನುಷ್ಯ ಉಳಿಯಲ್ಲ. ನನಗೆ ಒಂದು ಕಣ್ಣು ಹೋಗಿದೆ, ಸಾಕು. ಅವರೂ ಹೋಗೋದು ಬೇಡ."

ಅಷ್ಟರಲ್ಲಿ ಬಾಗಿಲು ಸರಿಯಿತು. ಭಾವ ಔಷಧಿಯ ಚೀಲ ಹಿಡಿದು ಬಂದರು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ಅಕ್ಕನ ಕಾಲ ಬಳಿ ನಿಂತರು, ಹೊದಿಕೆಯ ಅಂಚು ಸರಿಮಾಡಿದರು, ಮತ್ತೆ ಸರಿಮಾಡಿದರು.

"ಒಂದು ಮಾತು ಕೇಳ್ಲಾ?" ಎಂದರು. "ನೀನು ಯಾಕೆ ಅಲ್ಲಿ ಬಗ್ಗಿದೆ?"

"ಮೀಟರ್ ಮುಳ್ಳು ಏರುತ್ತಾ ನೋಡೋಣ ಅಂತ ರೀ," ಎಂದಳು ಅಕ್ಕ.

ಭಾವ ದೊಡ್ಡ ಉಸಿರು ಬಿಟ್ಟರು. ಅವರ ಹೆಗಲು ಇಳಿದದ್ದು ಕಂಡಿತು. ಗೋಡೆ ಸಿಕ್ಕಿದವರಂತೆ ಆ ಉತ್ತರಕ್ಕೆ ಒರಗಿಕೊಂಡರು ಅನ್ನಿಸಿತು. "ಮುಳ್ಳು ನೋಡೋಕೆ," ಅಂತ ತಮಗೇ ಹೇಳಿಕೊಂಡರು. ಕಣ್ಣು ತುಂಬಿ ಬಂತು. "ಹಾಗೆಲ್ಲ ಮಿಷನ್ ಹತ್ರ ಹೋಗಿ ಬಗ್ಗಬಾರದು ಕಣೆ. ಏನಂತ ಹೇಳೋದು ಇವಳಿಗೆ." ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ. ನೀನು ಕೆಲಸ ಗೊತ್ತಿರೋವಳು."

ಅಕ್ಕನ ಒಂದು ಕಣ್ಣು ನನ್ನ ಮೇಲಿತ್ತು. ಅದು ರೆಪ್ಪೆ ಹಾಕಲಿಲ್ಲ.

"ಹೌದಕ್ಕ," ಎಂದೆ. ನನ್ನ ದನಿ ನನ್ನದಾಗಿ ಕೇಳಿಸಲಿಲ್ಲ. "ಅಷ್ಟೂ ಗೊತ್ತಾಗ್ಬೇಡ್ವಾ ನಿನಗೆ? ನೀನು ಅಲ್ಲಿಗೆ ಹೋಗಬಾರದಿತ್ತು."

"ತಪ್ಪಾಯ್ತು," ಎಂದಳು ಅಕ್ಕ.